ಕೀಲಿ ತಿರುಗಿಸುವ ಮುನ್ನ: ಗಾಡಿ ಓಡಿಸಲು ಇವತ್ತು ನೀವು ಯೋಗ್ಯರೇ?

ಕೆಲವು ವರ್ಷಗಳ ಹಿಂದೆ ಅಪ್ಪನ ಡಿಎಲ್ ನವೀಕರಣಕ್ಕೆಂದು ಒಂದು ಆರ್‌ಟಿಓ ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದೆವು. ಟಾರ್ಪಾಲಿನ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಳಿತಿದ್ದ ಏಜೆಂಟ್, ಅಪ್ಪನ ಮುಖವನ್ನೂ ನೋಡದೆ ಫಾರ್ಮ್ 1ರ ಪ್ರಶ್ನೆಗಳ ಎದುರು ಮೇಲಿನಿಂದ ಕೆಳಗಿನವರೆಗೆ ‘ಇಲ್ಲ’ ಎಂದು ಬರೆದುಕೊಂಡು ಹೋದ. ಮೂರ್ಛೆ ರೋಗ ಇದೆಯೇ? ಇಲ್ಲ. ಇರುಳುಗುರುಡು? ಇಲ್ಲ. ಆ ಭರದಲ್ಲಿ, 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟನ್ನು ಗುರುತಿಸಬಲ್ಲಿರಾ ಎಂಬ ಪ್ರಶ್ನೆಗೂ ‘ಇಲ್ಲ’ ಎಂದೇ ಬರೆದಿದ್ದ. ಅಪ್ಪ ಸಹಿ ಹಾಕಿದರು. ಅರ್ಜಿ ಒಳಗೆ ಹೋಯಿತು, ಫೋಟೋ ತೆಗೆದರು, ಕಾರ್ಡ್ ಅಂಚೆಯಲ್ಲಿ ಮನೆಗೆ ಬಂತು. ತನಗೆ ಕಣ್ಣು ಕಾಣುವುದಿಲ್ಲವೆಂದು ಲಿಖಿತವಾಗಿ ಘೋಷಿಸಿದ ಮನುಷ್ಯನಿಗೆ ಐದು ವರ್ಷ ಗಾಡಿ ಓಡಿಸುವ ಅನುಮತಿ ಸಿಕ್ಕಿತ್ತು.

ಅಪ್ಪನ ಎರಡೂ ಕಣ್ಣಿನಲ್ಲಿ ಆಗಲೇ ಪೊರೆ ಬೆಳೆಯುತ್ತಿತ್ತು. ಅಂದರೆ ಏಜೆಂಟ್ ನೋಡದೆ ಬರೆದದ್ದೇ ಸತ್ಯಕ್ಕೆ ಹತ್ತಿರವಾಗಿತ್ತು.

ಚಾಲಕನ ದೇಹದ ತಪಾಸಣೆಯನ್ನು ನಮ್ಮ ಕಾನೂನು ಬಹುಮಟ್ಟಿಗೆ ಚಾಲಕನ ಮಾತಿಗೇ ಬಿಟ್ಟಿದೆ. ಆ ಮಾತನ್ನು ನಾವು ಏಜೆಂಟನ ಪೆನ್ನಿಗೆ ಬಿಟ್ಟಿದ್ದೇವೆ. ಆದ್ದರಿಂದ ನಿಜವಾದ ತಪಾಸಣೆ ಮನೆಯಲ್ಲೇ ನಡೆಯಬೇಕು. ಅದನ್ನು ಹೇಗೆ ಮಾಡಿಕೊಳ್ಳುವುದು, ಮಾಡಿಕೊಳ್ಳದಿದ್ದರೆ ಕಾನೂನು ಎಲ್ಲಿ ಹಿಡಿಯುತ್ತದೆ ಎಂಬುದನ್ನು ಒಂದೊಂದು ಹೆಜ್ಜೆಯಾಗಿ ಹೇಳುತ್ತೇನೆ.

ಹೆಜ್ಜೆ 1: ಫಾರ್ಮನ್ನು ನೀವೇ ಓದಿ, ನೀವೇ ತುಂಬಿ

ಎಲ್‌ಎಲ್‌ಆರ್‌ಗಾಗಲಿ (ಕಲಿಕಾ ಪರವಾನಗಿ) ನವೀಕರಣಕ್ಕಾಗಲಿ ಫಾರ್ಮ್ 1 ಎಂಬುದು ನಿಮ್ಮ ದೈಹಿಕ ಯೋಗ್ಯತೆಯ ಸ್ವಯಂ ಘೋಷಣೆ. ಮೂರ್ಛೆ ಅಥವಾ ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುವುದು, ತಲೆಸುತ್ತು, ದೃಷ್ಟಿ, ಕೈಕಾಲುಗಳ ಬಲ, ಬಣ್ಣ ಗುರುತಿಸುವ ಶಕ್ತಿ, ಇರುಳುಗುರುಡು, ಕಿವಿ, ಕೊನೆಗೆ ‘ಸಾರ್ವಜನಿಕರಿಗೆ ಅಪಾಯ ತರಬಹುದಾದ ಬೇರೆ ಯಾವುದೇ ಕಾಯಿಲೆ’: ಎಲ್ಲವನ್ನೂ ಅದು ಕೇಳುತ್ತದೆ. ನಿಮಗೆ 40 ವರ್ಷ ದಾಟಿದ್ದರೆ ಅಥವಾ ನೀವು ಓಡಿಸುವುದು ಆಟೋ, ಲಾರಿ, ಬಸ್, ಟ್ಯಾಕ್ಸಿಯಂಥ ಸಾರಿಗೆ ವಾಹನವಾಗಿದ್ದರೆ ಇದರ ಜೊತೆಗೆ ನೋಂದಾಯಿತ ವೈದ್ಯರು ಕೊಡುವ ಫಾರ್ಮ್ 1ಎ ಬೇಕು. ವೈದ್ಯರು ನಿಮ್ಮನ್ನು ಕೂರಿಸಿ ನೋಡಿದ ಮೇಲೆ ಸಹಿ ಮಾಡುವ ಕಾಗದ ಅದು. ನಿಮ್ಮನ್ನು ನೋಡದೆಯೇ ಸಹಿಯಾಗಿ ಬರುವ ಫಾರ್ಮ್ 1ಎ ಅಗ್ಗವಾಗಿ ಕಂಡರೂ ಅಪಘಾತವಾದ ದಿನ ಅದರ ಬೆಲೆ ಬಹಳ ದುಬಾರಿಯಾಗುತ್ತದೆ. ಸುಳ್ಳು ಮಾಹಿತಿ ಕೊಟ್ಟು ಪಡೆದ ಡಿಎಲ್ ಅನ್ನು ಮೋಟಾರು ವಾಹನ ಕಾಯ್ದೆಯ 19ನೇ ಸೆಕ್ಷನ್ ಅಡಿಯಲ್ಲಿ ರದ್ದು ಮಾಡಬಹುದು.

ಅವಧಿಯ ಲೆಕ್ಕ 2019ರ ತಿದ್ದುಪಡಿಯ ನಂತರ ಬದಲಾಗಿದೆ. ಖಾಸಗಿ ವಾಹನದ ಡಿಎಲ್ ಅನ್ನು 30 ತುಂಬುವ ಮೊದಲು ಪಡೆದರೆ 40ನೇ ವಯಸ್ಸಿನವರೆಗೆ, 30ರಿಂದ 50ರ ನಡುವೆ ಪಡೆದರೆ 10 ವರ್ಷ, 50ರಿಂದ 55ರ ನಡುವೆ ಪಡೆದರೆ 60 ತುಂಬುವವರೆಗೆ, 55 ದಾಟಿದ ಮೇಲೆ ಐದೈದು ವರ್ಷ ಸಿಂಧುವಾಗಿರುತ್ತದೆ. ಸಾರಿಗೆ ವಾಹನಕ್ಕೆ 5 ವರ್ಷ. ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದ ಮುಗಿದ ಒಂದು ವರ್ಷದವರೆಗೆ ನವೀಕರಣಕ್ಕೆ ಅರ್ಜಿ ಹಾಕಬಹುದು. ಅದೂ ಕಳೆದರೆ ಮತ್ತೆ ಚಾಲನಾ ಪರೀಕ್ಷೆ. ಹಾಗೆಂದು ಮುಗಿದ ಡಿಎಲ್ ಇಟ್ಟುಕೊಂಡು ಆ ಒಂದು ವರ್ಷ ಓಡಿಸಬಹುದು ಎಂದಲ್ಲ. ಇದನ್ನು ತಪ್ಪಾಗಿ ತಿಳಿದವರು ಬಹಳ ಮಂದಿ.

ಕಣ್ಣಿನ ಪರೀಕ್ಷೆಗೆ ಆಸ್ಪತ್ರೆಗೆ ಹೋಗುವ ಮೊದಲೇ ಬೀದಿಯಲ್ಲಿ ಒಂದು ಪರೀಕ್ಷೆ ಮಾಡಿಕೊಳ್ಳಿ. ನಿಂತಿರುವ ಕಾರಿನಿಂದ ದೊಡ್ಡ ಹೆಜ್ಜೆಯಲ್ಲಿ ಮೂವತ್ತೈದು ಹೆಜ್ಜೆ ಎಣಿಸಿ ಹಿಂದೆ ಸರಿಯಿರಿ, ಹೆಚ್ಚುಕಡಿಮೆ 25 ಮೀಟರ್ ಆಗುತ್ತದೆ. ಕನ್ನಡಕ ಹಾಕುವವರಾದರೆ ಹಾಕಿಕೊಳ್ಳಿ. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ನಂಬರ್ ಓದಿ, ಆಮೇಲೆ ಇನ್ನೊಂದನ್ನು ಮುಚ್ಚಿ ಓದಿ. ಗೊತ್ತಿರುವ ಕಾರಿನ ನಂಬರನ್ನು ಓದಿ ನಿಮಗೆ ನೀವೇ ಮೋಸ ಮಾಡಿಕೊಳ್ಳಬೇಡಿ. ಎರಡು ಕಣ್ಣು ಸೇರಿದರೆ ಓದಲು ಬರುವ ಎಷ್ಟೋ ಜನರಿಗೆ ಒಂದು ಕಣ್ಣು ಮುಚ್ಚಿದಾಗಲೇ ಇನ್ನೊಂದರ ಸ್ಥಿತಿ ಗೊತ್ತಾಗುವುದು.

ಹೆಜ್ಜೆ 2: ನಿಮ್ಮ ಕಾಯಿಲೆಯನ್ನು ರಸ್ತೆಯ ಮೇಲಿಟ್ಟು ನೋಡಿ

ಕಾಯಿಲೆ ಇದ್ದವರೆಲ್ಲ ಗಾಡಿ ಬಿಡಬೇಕು ಎಂದು ಕಾನೂನು ಹೇಳುವುದಿಲ್ಲ. ಎಷ್ಟೋ ಕಡೆ ಬಾಗಿಲು ಹಿಂದಿಗಿಂತ ಅಗಲವಾಗಿದೆ. 2020ರ ಜೂನ್‌ನ ತಿದ್ದುಪಡಿಯ ನಂತರ ಸೌಮ್ಯ ಅಥವಾ ಮಧ್ಯಮ ಪ್ರಮಾಣದ ವರ್ಣಾಂಧತೆ ಇರುವವರು ಡಿಎಲ್ ಪಡೆಯಬಹುದು. ಕಿವಿ ಕೇಳದವರ ಪರವಾಗಿ 2011ರಲ್ಲಿ ದೆಹಲಿ ಹೈಕೋರ್ಟ್ ತೀರ್ಪು ಬಂತು. 2016ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯವೇ ಅವರಿಗೆ ಡಿಎಲ್ ಕೊಡಬಹುದೆಂದು ರಾಜ್ಯಗಳಿಗೆ ತಿಳಿಸಿತು. ಕಾಲಿನ ಬಲ ಇಲ್ಲದವರು ಆರ್‌ಟಿಓ ಅನುಮೋದನೆ ಪಡೆದು ಮಾರ್ಪಡಿಸಿದ ವಾಹನಕ್ಕೆ ಡಿಎಲ್ ಮಾಡಿಸಿಕೊಳ್ಳಬಹುದು. ಮೂರ್ಛೆ ರೋಗದ ವಿಷಯದಲ್ಲಿ ಮಾತ್ರ ನಮ್ಮ ನಿಯಮ ಇನ್ನೂ ಬಿಗಿ. ಬ್ರಿಟನ್‌ನಲ್ಲಿ ಒಂದು ವರ್ಷ ಫಿಟ್ಸ್ ಬಾರದಿದ್ದರೆ ಕಾರು ಓಡಿಸಲು ಸಾಮಾನ್ಯವಾಗಿ ಅವಕಾಶವಿದೆ. ನಮ್ಮಲ್ಲಿ ಫಾರ್ಮ್ 1ರ ಮೊದಲ ಪ್ರಶ್ನೆಗೆ ‘ಹೌದು’ ಎಂದರೆ ದಾರಿ ಮುಚ್ಚಿದಂತೆಯೇ. ಮಾತ್ರೆ ನುಂಗಿ ವರ್ಷಗಟ್ಟಲೆ ಆರಾಮಾಗಿರುವವರಿಗೆ ಇದು ಅನ್ಯಾಯ ಎಂದು ನನಗೂ ಅನಿಸುತ್ತದೆ. ಆದರೆ ಬದಲಾಗಬೇಕಾದದ್ದು ನಿಯಮ. ಅಲ್ಲಿಯವರೆಗೆ ಸುಳ್ಳು ಘೋಷಣೆ ಬರೆದು ನುಸುಳುವುದು ಪರಿಹಾರವಲ್ಲ.

ರಸ್ತೆಯಲ್ಲಿ ನಾನು ಹೆಚ್ಚು ಹೆದರುವುದು ಯಾರೂ ಕಾಯಿಲೆ ಎಂದು ಲೆಕ್ಕಕ್ಕಿಡದ ಸಕ್ಕರೆಗೆ. ಇನ್ಸುಲಿನ್ ತೆಗೆದುಕೊಳ್ಳುವ ಗೆಳೆಯರೊಬ್ಬರು ಬೆಳಿಗ್ಗೆ ಚುಚ್ಚಿಕೊಂಡು, ತಿಂಡಿ ಕುಣಿಗಲ್ ಹತ್ತಿರ ಮಾಡೋಣವೆಂದು ಬೆಂಗಳೂರಿನಿಂದ ಹಾಸನದ ಕಡೆಗೆ ಹೊರಟರು. ನೆಲಮಂಗಲ ದಾಟಿದ ಮೇಲೆ ಅವರಿಗೆ ಏನೂ ನೆನಪಿಲ್ಲ. ಪಕ್ಕದಲ್ಲಿದ್ದ ಹೆಂಡತಿ ಹೇಳುವಂತೆ, ಅವರು ಬೆವರುತ್ತಿದ್ದರು, ಮಾತು ತೊದಲುತ್ತಿತ್ತು, ಟೋಲ್ ಗೇಟ್ ಎದುರಿಗೇ ಕಾಣುತ್ತಿದ್ದರೂ ಕಾಲು ಬ್ರೇಕಿಗೆ ಹೋಗಲಿಲ್ಲ. ಆಕೆ ಹ್ಯಾಂಡ್‌ಬ್ರೇಕ್ ಎಳೆದದ್ದರಿಂದ ಕಾರು ತಡೆಗೋಡೆಗೆ ಉಜ್ಜಿಕೊಂಡು ನಿಂತಿತು. ಓಡಿಬಂದ ಸಿಬ್ಬಂದಿ ಬೆಳಿಗ್ಗೆಯೇ ಕುಡಿದಿದ್ದಾರೆ ಎಂದುಕೊಂಡರು. ರಕ್ತದ ಸಕ್ಕರೆ ಇಳಿದ ಮನುಷ್ಯ ಕುಡಿದವನಂತೆಯೇ ಕಾಣುತ್ತಾನೆ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಬೆಂಕ್ಲಮೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಇಷ್ಟನ್ನು ರೂಢಿ ಮಾಡಿಕೊಳ್ಳಿ. ಹೊರಡುವ ಮುನ್ನ ಗ್ಲುಕೋಮೀಟರ್‌ನಲ್ಲಿ ನೋಡಿಕೊಳ್ಳಿ. 90ಕ್ಕಿಂತ ಕಡಿಮೆ ಇದ್ದರೆ ಮೊದಲು ತಿನ್ನಿ, 70ಕ್ಕಿಂತ ಕಡಿಮೆ ಇದ್ದರೆ ಸ್ಟಿಯರಿಂಗ್ ಮುಟ್ಟಬೇಡಿ. ದೂರದ ಪ್ರಯಾಣವಾದರೆ ಎರಡು ಗಂಟೆಗೊಮ್ಮೆ ಮತ್ತೆ ನೋಡಿ. ಸಕ್ಕರೆ, ಗ್ಲುಕೋಸ್ ಪುಡಿ ಅಥವಾ ಹಣ್ಣಿನ ರಸದ ಪೊಟ್ಟಣ ಕೈಗೆ ಸಿಗುವ ಕಡೆ ಇರಲಿ, ಡಿಕ್ಕಿಯಲ್ಲಲ್ಲ. ಬೆವರು, ನಡುಕ, ಕಣ್ಣು ಮಂಜಾದಂತೆ ಅನಿಸಿದ ಕೂಡಲೇ ಪಕ್ಕಕ್ಕೆ ನಿಲ್ಲಿಸಿ ಕೀಲಿ ತೆಗೆಯಿರಿ. ಸಕ್ಕರೆ ಮಾಮೂಲಿಗೆ ಬಂದ ಮೇಲೂ ಮುಕ್ಕಾಲು ಗಂಟೆ ಕಾಯಿರಿ, ಮೆದುಳು ಮೀಟರಿಗಿಂತ ನಿಧಾನವಾಗಿ ಸುಧಾರಿಸಿಕೊಳ್ಳುತ್ತದೆ. ‘ನನಗೆ ಮಧುಮೇಹವಿದೆ’ ಎಂದು ಬರೆದ ಚೀಟಿಯೊಂದು ಪರ್ಸಿನಲ್ಲಿರಲಿ.

ಜೋರಾಗಿ ಗೊರಕೆ ಹೊಡೆದು, ರಾತ್ರಿಯೆಲ್ಲ ಮಲಗಿದರೂ ಹಗಲಲ್ಲಿ ತೂಕಡಿಸುವವರು ಅದನ್ನು ತಮಾಷೆ ಎಂದು ಬಿಡದೆ ವೈದ್ಯರಿಗೆ ತೋರಿಸಿ. ನಿದ್ರೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಇರಬಹುದು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಮೂರು ಸೆಕೆಂಡ್ ರೆಪ್ಪೆ ಮುಚ್ಚಿದರೆ ಗಾಡಿ ಸುಮಾರು 67 ಮೀಟರ್ ಯಾರ ಹಿಡಿತವೂ ಇಲ್ಲದೆ ಓಡಿರುತ್ತದೆ. ಲಾರಿ, ಬಸ್ ಚಾಲಕರಿಗೆ, 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, 5 ಗಂಟೆ ಓಡಿಸುವುದರೊಳಗೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಎಂದು ಬರೆದಿತ್ತು. ಅದು ಎಷ್ಟು ಮಾಲೀಕರ ಗೋಡೆಯ ಮೇಲಿತ್ತು ಎಂದು ಕೇಳಬೇಡಿ.

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ಪಾರ್ಶ್ವವಾಯು ಬಂದುಹೋದವರು, ಮೂಳೆ ಮುರಿದು ಪಟ್ಟಿ ಕಟ್ಟಿಸಿಕೊಂಡವರು ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ‘ಯಾವಾಗಿನಿಂದ ಗಾಡಿ ಓಡಿಸಬಹುದು?’ ಎಂದು ಕೇಳಿ, ಉತ್ತರವನ್ನು ಡಿಸ್ಚಾರ್ಜ್ ಚೀಟಿಯಲ್ಲೇ ಬರೆಸಿಕೊಳ್ಳಿ. ಕಣ್ಣಿನ ಪರೀಕ್ಷೆಗೆ ಹೋಗುವ ದಿನ ಸ್ಕೂಟರ್ ಬೇಡ. ಪಾಪೆ ಹಿಗ್ಗಿಸುವ ಹನಿ ಹಾಕಿದರೆ ಕೆಲವು ಗಂಟೆ ಎದುರಿನ ಬಿಸಿಲೆಲ್ಲ ಬೆಳ್ಳಗೆ ಚೆಲ್ಲಿದಂತೆ ಕಾಣುತ್ತದೆ.

ಓಡಿಸುವುದು ಅಪಾಯವಾಗುವಂಥ ಕಾಯಿಲೆ ತನಗಿದೆ ಎಂದು ಗೊತ್ತಿದ್ದೂ ಗಾಡಿ ಓಡಿಸುವುದು ಮೋಟಾರು ವಾಹನ ಕಾಯ್ದೆಯ 186ನೇ ಸೆಕ್ಷನ್ ಪ್ರಕಾರ ಅಪರಾಧ. ದಂಡ ಮೊದಲ ಸಲ 1,000 ರೂಪಾಯಿವರೆಗೆ, ಮತ್ತೆ ಮಾಡಿದರೆ 2,000 ರೂಪಾಯಿವರೆಗೆ. ಇಷ್ಟೇ ತಾನೇ ಎನ್ನಬೇಡಿ. ಅಪಘಾತದಲ್ಲಿ ಯಾರಾದರೂ ಸತ್ತರೆ ‘ಗೊತ್ತಿದ್ದೂ’ ಎಂಬ ಅದೇ ಪದ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ನಿನ ಪ್ರಕರಣದಲ್ಲಿ ನಿಮ್ಮ ಎದುರು ನಿಲ್ಲುತ್ತದೆ. ನಿರ್ಲಕ್ಷ್ಯದಿಂದ ಸಾವು ತಂದದ್ದಕ್ಕೆ ಅಲ್ಲಿ ಐದು ವರ್ಷದವರೆಗೆ ಜೈಲು. ಇನ್ನು, ಚಾಲಕ ಅಯೋಗ್ಯ ಎಂದು ನಂಬಲು ಕಾರಣವಿದ್ದರೆ ಆರ್‌ಟಿಓ ಯಾವಾಗ ಬೇಕಾದರೂ ಹೊಸ ವೈದ್ಯಕೀಯ ಪ್ರಮಾಣಪತ್ರ ಕೇಳಬಹುದು, ಡಿಎಲ್ ಹಿಂಪಡೆಯಬಹುದು. ಹಾಗೆ ಮಾಡಿದರೆ ಕಾರಣವನ್ನು ಲಿಖಿತವಾಗಿ ಕೊಡಬೇಕು. ಆದೇಶ ಕೈಸೇರಿದ 30 ದಿನದೊಳಗೆ ನೀವು ಮೇಲ್ಮನವಿ ಹಾಕಬಹುದು.

ಹೆಜ್ಜೆ 3: ಮಾತ್ರೆ ಡಬ್ಬಿಯನ್ನು ಒಮ್ಮೆ ತಿರುವಿ ಹಾಕಿ

ನೆಗಡಿಗೆ ನುಂಗುವ ಸೆಟಿರಿಝಿನ್, ಕ್ಲೋರ್‌ಫೆನಿರಮೈನ್, ಕೋಡೀನ್ ಅಥವಾ ಡೈಫೆನ್‌ಹೈಡ್ರಮೈನ್ ಇರುವ ಕೆಮ್ಮಿನ ಸಿರಪ್, ನಿದ್ರೆಗೆ, ಆತಂಕಕ್ಕೆ ಕೊಡುವ ಆಲ್‌ಪ್ರಜೋಲಮ್, ಕ್ಲೊನಾಜೆಪಮ್, ನೋವಿಗೆ ಟ್ರಮಡಾಲ್, ನರದ ಉರಿಗೆ ಪ್ರಿಗಬಾಲಿನ್. ಇವೆಲ್ಲ ಮಂಪರು ತರಬಲ್ಲವು. ಹೊಸ ಮಾತ್ರೆ ಶುರುಮಾಡಿದ ಮೊದಲ ಕೆಲವು ದಿನ ಮತ್ತು ಪ್ರಮಾಣ ಹೆಚ್ಚಿಸಿದ ದಿನ ಗಾಡಿ ಬೇಡ. ರಾತ್ರಿ ತಡವಾಗಿ ನಿದ್ರೆ ಮಾತ್ರೆ ನುಂಗಿದರೆ ಬೆಳಗಿನ ಆಫೀಸ್ ಪ್ರಯಾಣಕ್ಕೂ ಅದರ ಬಾಲ ಉಳಿದಿರುತ್ತದೆ. ಹಾಗೆಂದು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸುವುದು ಇನ್ನೊಂದು ಅಪಾಯ. ನಿಲ್ಲಿಸಬೇಕಾದದ್ದು ಗಾಡಿ.

‘ಡಾಕ್ಟರ್ ಬರೆದುಕೊಟ್ಟದ್ದು’ ಎಂಬ ಉತ್ತರ ಕಾನೂನಿನ ಎದುರು ರಕ್ಷಣೆಯಾಗುತ್ತದೆ ಎಂದು ನಂಬಿ ಕೂರಬೇಡಿ. ಮದ್ಯಕ್ಕಿರುವಂತೆ ಮಾದಕ ಪದಾರ್ಥಗಳಿಗೆ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಅಂಕಿಯ ಮಿತಿ ಇಟ್ಟಿಲ್ಲ. ವಾಹನದ ಮೇಲೆ ಸರಿಯಾದ ಹಿಡಿತ ಇಡಲಾರದಷ್ಟು ಅಮಲಿದೆಯೇ ಎಂಬುದೇ ಅಲ್ಲಿ ಪ್ರಶ್ನೆ.

ಹೆಜ್ಜೆ 4: ಕುಡಿದರೆ, ಮೊದಲು ಲೆಕ್ಕ ಮಾಡಿ

ಭಾರತದಲ್ಲಿ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಮದ್ಯಸಾರ. ಇಂಗ್ಲೆಂಡಿನಲ್ಲಿ, ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಇದು 80. ಅಲ್ಲಿಂದ ರಜೆಗೆ ಊರಿಗೆ ಬಂದು ‘ಒಂದೇ ಒಂದು ಬಿಯರ್’ ಎನ್ನುವ ಅಣ್ಣತಮ್ಮಂದಿರಿಗೆ ಇದನ್ನು ಹೇಳಿ.

60 ಮಿಲಿಯ ಒಂದು ಲಾರ್ಜ್ ವಿಸ್ಕಿ ತೆಗೆದುಕೊಳ್ಳಿ. ಬಾಟಲಿಯ ಮೇಲೆ 42.8% ಎಂದಿರುತ್ತದೆ, ಅಂದರೆ ಅದರಲ್ಲಿ ಸುಮಾರು 20 ಗ್ರಾಂ ಶುದ್ಧ ಮದ್ಯಸಾರ. 65 ಕಿಲೋ ತೂಕದ ಗಂಡಸಿನ ರಕ್ತದಲ್ಲಿ ಅದು ಸುಮಾರು 45 ಮಿಲಿಗ್ರಾಂವರೆಗೆ ಏರಬಲ್ಲದು. ಒಂದೇ ಪೆಗ್, ಮಿತಿ ಆಗಲೇ ಹಿಂದೆ. ನಮ್ಮ ಕಡೆಯ 90 ಮಿಲಿ ಪೊಟ್ಟಣವಾದರೆ 70ರ ಹತ್ತಿರ. 8% ಸ್ಟ್ರಾಂಗ್ ಬಿಯರಿನ ದೊಡ್ಡ ಬಾಟಲಿ, ‘ಬರೀ ಬಿಯರ್’ ಅನ್ನಿಸಿಕೊಳ್ಳುವ 650 ಮಿಲಿ, ಎರಡು ಲಾರ್ಜ್‌ಗೆ ಸಮ. ಅಷ್ಟೇ ತೂಕದ ಹೆಂಗಸಿನಲ್ಲಿ ಅಂಕಿ ಇನ್ನೂ ಮೇಲೆ.

ಇಳಿಯುವುದು ಮಾತ್ರ ಆಮೆಯ ನಡಿಗೆ: ಗಂಟೆಗೆ ಸುಮಾರು 15 ಮಿಲಿಗ್ರಾಂ. ನಿಂಬೆಹಣ್ಣು, ಮಜ್ಜಿಗೆ, ಕಡು ಕಾಫಿ, ತಣ್ಣೀರು ಸ್ನಾನ, ಸೀಬೆ ಎಲೆ ಯಾವುದೂ ಯಕೃತ್ತಿನ ಕೆಲಸವನ್ನು ಚುರುಕು ಮಾಡುವುದಿಲ್ಲ. ಕಾಫಿ ಕುಡಿದರೆ ಎಚ್ಚರವಾಗಿರುವ ಕುಡುಕ ಸಿಗುತ್ತಾನೆ, ಅಷ್ಟೇ. ಅದೇ 65 ಕಿಲೋ ಮನುಷ್ಯ ಮದುವೆಯ ಹಿಂದಿನ ರಾತ್ರಿ ಒಂಬತ್ತಕ್ಕೆ ಕುಳಿತು ಹನ್ನೆರಡರೊಳಗೆ ನಾಲ್ಕು ಲಾರ್ಜ್ ಮುಗಿಸಿದ ಎನ್ನೋಣ. ಒಟ್ಟು 180ರ ಆಸುಪಾಸು. ಒಂಬತ್ತು ಗಂಟೆಯಲ್ಲಿ 135 ಕರಗಿತು. ಬೆಳಿಗ್ಗೆ ಆರಕ್ಕೆ ಎದ್ದು ಮುಖ ತೊಳೆದು ಮುಹೂರ್ತಕ್ಕೆ ಕಾರು ತೆಗೆದಾಗ ರಕ್ತದಲ್ಲಿ ಇನ್ನೂ 45. ಅವನ ಲೆಕ್ಕದಲ್ಲಿ ಅದು ನಿನ್ನೆಯ ಮಾತು, ಯಂತ್ರದ ಲೆಕ್ಕದಲ್ಲಿ ಇವತ್ತಿನದು. ಬೆಂಗಳೂರಿನಲ್ಲಿ ಬೆಳಗಿನ ಹೊತ್ತು ಶಾಲಾ ವಾಹನಗಳನ್ನು ನಿಲ್ಲಿಸಿ ಪೊಲೀಸರು ಊದಿಸಿದಾಗ ಸಿಕ್ಕಿಬಿದ್ದ ಚಾಲಕರ ಸುದ್ದಿಯನ್ನು ನೀವೂ ಓದಿರುತ್ತೀರಿ.

ಈ ಅಂಕಿಗಳು ಅಂದಾಜು. ಹೊಟ್ಟೆಯಲ್ಲಿ ಊಟವಿದೆಯೇ, ತೂಕವೆಷ್ಟು ಎಂಬುದರ ಮೇಲೆ ಏರುಪೇರಾಗುತ್ತವೆ. ಮಿತಿಯೊಳಗೆ ಎಷ್ಟು ಕುಡಿಯಬಹುದೆಂದು ಹುಡುಕಲು ಇವನ್ನು ಬಳಸಬೇಡಿ.

ಹೆಜ್ಜೆ 5: ಪೊಲೀಸರು ಊದಲು ಹೇಳಿದಾಗ

ಸಂಶಯಕ್ಕೆ ಕಾರಣವಿದ್ದರೆ ಸಮವಸ್ತ್ರದಲ್ಲಿರುವ ಪೊಲೀಸರು ಅಥವಾ ಸಾರಿಗೆ ಇಲಾಖೆಯ ಅಧಿಕಾರಿ ನಿಮ್ಮನ್ನು ಊದಿಸಬಹುದು. ಇಂಜಿನ್ ಬಂದ್ ಮಾಡಿ, ಒಳಗಿನ ದೀಪ ಹಾಕಿ. ಹೊಸ ಕೊಳವೆ ಕೇಳಿ; ಕೇಳುವುದು ಅವಿಧೇಯತೆಯಲ್ಲ. ಆಗತಾನೇ ಮೌತ್‌ವಾಶ್ ಮುಕ್ಕಳಿಸಿದ್ದರೆ, ದಶಮೂಲಾರಿಷ್ಟದಂಥ ಅರಿಷ್ಟ ಕುಡಿದಿದ್ದರೆ ಮೊದಲೇ ಹೇಳಿ. ಅರಿಷ್ಟಗಳಲ್ಲಿ ಹುದುಗಿನಿಂದ ಬಂದ ಮದ್ಯಸಾರ ಇರುತ್ತದೆ. ಬಾಯಲ್ಲಿ ಉಳಿದದ್ದು ಯಂತ್ರವನ್ನು ದಾರಿ ತಪ್ಪಿಸಬಹುದು. ಬಾಯಿ ಮುಕ್ಕಳಿಸಿ ಹದಿನೈದು ನಿಮಿಷ ಬಿಟ್ಟು ಮತ್ತೆ ಊದಲು ಅವಕಾಶ ಕೋರಿ. ನಿಜವಾಗಿ ಕುಡಿದವರಿಗೆ ಈ ಹದಿನೈದು ನಿಮಿಷದಿಂದ ಏನೂ ಲಾಭವಿಲ್ಲ. ಅಂಕಿ ಬಂದ ಮೇಲೆ ಮುದ್ರಿತ ಚೀಟಿ ಕೇಳಿ, ಅದರಲ್ಲಿ ದಿನಾಂಕ, ವೇಳೆ, ವಾಹನ ಸಂಖ್ಯೆ ಸರಿ ಇದೆಯೇ ನೋಡಿ. ಅಂಕಿಯ ಬಗ್ಗೆ ತಕರಾರಿದ್ದರೆ ರಕ್ತ ಪರೀಕ್ಷೆಗೆ ಅಲ್ಲೇ ಕೋರಿ. ಮರುದಿನ ಕೋರಿದರೆ ಪ್ರಯೋಜನವಿಲ್ಲ.

ಊದುವುದಿಲ್ಲ ಎಂದು ಹಟ ಹಿಡಿಯುವುದು ಜಾಣತನವಲ್ಲ. ಅಮಲಿನ ಸಂಶಯವಿದ್ದರೆ ವಾರಂಟ್ ಇಲ್ಲದೆ ಬಂಧಿಸಬಹುದು, ಮತ್ತು ಸಕಾರಣವಿಲ್ಲದ ನಿರಾಕರಣೆಯನ್ನೇ ನ್ಯಾಯಾಲಯ ನಿಮ್ಮ ವಿರುದ್ಧದ ಪೂರಕ ಸಾಕ್ಷ್ಯವಾಗಿ ನೋಡಬಹುದು. 185ರಡಿ ಬಂಧಿಸಿದರೆ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗಬೇಕು, ಆಗದಿದ್ದರೆ ಬಿಡಬೇಕು. ಬಂಧಿತ ಮಹಿಳೆಯ ರಕ್ತದ ಮಾದರಿಯನ್ನು ಮಹಿಳಾ ವೈದ್ಯರೇ ಅಥವಾ ಇನ್ನೊಬ್ಬ ಮಹಿಳೆಯ ಎದುರೇ ತೆಗೆದುಕೊಳ್ಳಬೇಕು. ಇಂಜಿನ್ ಶುರುಮಾಡಿ ಹೊರಡಲು ಪ್ರಯತ್ನಿಸಿದರೂ ಸೆಕ್ಷನ್ ಅನ್ವಯಿಸುತ್ತದೆ.

ಹೆಜ್ಜೆ 6: ಸಿಕ್ಕಿಬಿದ್ದ ಮೇಲೆ

ಕುಡಿದು ಓಡಿಸಿದ ಪ್ರಕರಣ ಸಿಗ್ನಲ್ ದಂಡದಂತೆ ರಸ್ತೆಯಲ್ಲಿ ಮುಗಿಯುವಂಥದ್ದಲ್ಲ, ನ್ಯಾಯಾಲಯಕ್ಕೇ ಹೋಗಬೇಕು. ‘ಇಲ್ಲೇ ಮುಗಿಸೋಣ’ ಎಂದು ಯಾರಾದರೂ ಹೇಳಿದರೆ, ಅಥವಾ ನೀವೇ ಹೇಳಿದರೆ, ಅದು ದಂಡವಲ್ಲ, ಲಂಚ. ಮೊದಲ ಸಲ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ. ಮತ್ತೆ ಸಿಕ್ಕರೆ 15,000 ರೂಪಾಯಿ ಅಥವಾ ಎರಡು ವರ್ಷದವರೆಗೆ ಜೈಲು ಅಥವಾ ಎರಡೂ. ಡಿಎಲ್ ಜಪ್ತಿಯಾಗಿ ಅಮಾನತಿಗೆ ಆರ್‌ಟಿಓಗೆ ಹೋಗುತ್ತದೆ. ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲಿ ಕೊಟ್ಟ ನಿರ್ದೇಶನದಂತೆ ಅದು ಕನಿಷ್ಠ ಮೂರು ತಿಂಗಳು. ಆ ಅವಧಿಯಲ್ಲಿ ‘ಹಾಲು ತರಲು ಇಲ್ಲೇ ಹೋಗಿದ್ದೆ’ ಎಂದು ಓಡಿಸಿ ಸಿಕ್ಕರೆ ಇನ್ನೊಂದು ಅಪರಾಧ, ಇನ್ನೊಂದು 10,000.

ವಿಮೆಯ ಏಟು ಇದಕ್ಕಿಂತ ದೊಡ್ಡದು. ಅಮಲಿನಲ್ಲಿ ಓಡಿಸಿದ್ದರೆ ನಿಮ್ಮ ಕಾರಿನ ನಷ್ಟಕ್ಕೆ ಕಂಪನಿ ಒಂದು ಪೈಸೆ ಕೊಡದಿರಬಹುದು. ದೆಹಲಿಯ ಇಂಡಿಯಾ ಗೇಟ್ ಬಳಿ 2007ರಲ್ಲಿ ನಜ್ಜುಗುಜ್ಜಾದ ಪೋರ್ಷೆ ಕಾರಿನ ಪ್ರಕರಣದಲ್ಲಿ ಉಸಿರಿನ ಪರೀಕ್ಷೆಯ ಅಂಕಿಯೇ ಇರಲಿಲ್ಲ. ಆದರೂ ಸುತ್ತಲಿನ ಸಂಗತಿಗಳಿಂದ ಅಮಲು ಸಾಬೀತಾದರೆ ಸಾಕು ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ವಿಮಾ ಕಂಪನಿಯ ಪರ ತೀರ್ಪು ಕೊಟ್ಟಿತು.

ಹೆಜ್ಜೆ 7: ಕೀಲಿ ಯಾರ ಕೈಯಲ್ಲಿದೆ?

ಪಕ್ಕದಲ್ಲಿ ಕುಳಿತು ‘ನಿಧಾನ ಹೋಗು ಸಾಕು’ ಎಂದವರನ್ನೂ ಕಾನೂನು ಬಿಟ್ಟಿಲ್ಲ. 188ನೇ ಸೆಕ್ಷನ್ ಪ್ರಕಾರ 184 (ಅಪಾಯಕಾರಿ ಚಾಲನೆ), 185, 186ರ ಅಪರಾಧಗಳಿಗೆ ಕುಮ್ಮಕ್ಕು ಕೊಟ್ಟವರಿಗೂ ಅದೇ ಶಿಕ್ಷೆ. ಕುಡಿದ ಗೆಳೆಯನ ಕೈಗೆ ನಿಮ್ಮ ಬೈಕಿನ ಕೀಲಿ ಕೊಡುವಾಗ ಇದು ನೆನಪಿರಲಿ. ಗೆಳೆಯನಿಂದ ಕೀಲಿ ಕಿತ್ತುಕೊಳ್ಳುವುದು ಸುಲಭ. ಮರುದಿನ ಅವನೇ ನಗುತ್ತಾನೆ. ಕಷ್ಟವಾಗುವುದು ನಮಗೆ ಸೈಕಲ್ ಕಲಿಸಿದವರಿಂದ ಕೀಲಿ ಕೇಳುವಾಗ.

ಹಿರಿಯರ ವಿಷಯದಲ್ಲಿ ವಯಸ್ಸಿನ ಮಾತು ಎತ್ತಬೇಡಿ, ಜಗಳವಾಗುತ್ತದೆ. ಕಾರಿನ ಮೈ ನೋಡಿ: ಎಡಗಡೆ ಬಂಪರಿನಲ್ಲಿ ಹೊಸ ಗೀರುಗಳಿವೆಯೇ? ಗೊತ್ತಿರುವ ದಾರಿಯಲ್ಲಿ ತಿರುವು ತಪ್ಪುತ್ತಿದ್ದಾರೆಯೇ? ಸಂಜೆ ಎದುರಿನ ಹೆಡ್‌ಲೈಟಿಗೆ ಪದೇ ಪದೇ ಬ್ರೇಕ್ ಹಾಕುತ್ತಿದ್ದಾರೆಯೇ? ಒಂದು ದಿನ ಜೊತೆಗೆ ಕುಳಿತು ಸುಮ್ಮನೆ ನೋಡಿ, ಆಮೇಲೆ ಅವರನ್ನೇ ಕೇಳಿ.

ನಾನು ಅಪ್ಪನನ್ನು ಗೇಟಿನ ಹೊರಗೆ ಕರೆದುಕೊಂಡು ಹೋಗಿ ಮೂವತ್ತೈದು ಹೆಜ್ಜೆ ಎಣಿಸಿದೆ. ಎದುರು ಮನೆಗೆ ಬಂದಿದ್ದ ನೆಂಟರ ಕಾರು. ಎಂಟನ್ನು ಮೂರು ಎಂದರು. ಕನ್ನಡಕ ಒರೆಸಿಕೊಂಡು ಮತ್ತೆ ಮೂರು ಎಂದರು. ಮೂರನೆಯ ಸಲ ನಾನು ಕೇಳಲಿಲ್ಲ. ಒಳಗೆ ಹೋಗಿ ಕೀಲಿಯನ್ನು ಮೊಳೆಗೆ ನೇತುಹಾಕಿದರು. ಎರಡು ತಿಂಗಳ ಅಂತರದಲ್ಲಿ ಎರಡೂ ಕಣ್ಣಿನ ಪೊರೆ ತೆಗೆಸಿದೆವು, ವೈದ್ಯರು ಒಪ್ಪಿದ ಮೇಲೆ ಅದೇ ಜಾಗದಲ್ಲಿ ನಿಲ್ಲಿಸಿ ಓದಿಸಿದೆ. ನಂಬರ್ ಜೊತೆಗೆ ಅದರ ಕೆಳಗಿದ್ದ ಶೋರೂಮಿನ ಹೆಸರನ್ನೂ ಓದಿದರು. ಈಗ ಹಗಲಿನಲ್ಲಿ ಓಡಿಸುತ್ತಾರೆ. ಎದುರಿನ ದೀಪ ಇನ್ನೂ ಚುಚ್ಚುತ್ತದೆ ಎಂದು ಅವರೇ ಹೇಳಿದ್ದರಿಂದ, ಸಂಜೆ ಆರರ ನಂತರ ಕೀಲಿ ಅಮ್ಮನ ಸಾಸಿವೆ ಡಬ್ಬಿಯಲ್ಲಿ.